ನೂರು ಮಿಡಿಗೆ ಒಂದು ಅಡಿಕೆ: ಚಿತ್ರಕಥೆ ಓದುತ್ತಾ ಸ್ಥಾನಬೆಲೆ ಕಲಿಸುವುದು

ಎರಡನೇ ತರಗತಿಯ ಹುಡುಗನೊಬ್ಬನ ಮುಂದೆ 25 ಹುಣಸೆ ಬೀಜ ಇಟ್ಟೆ. ಎಣಿಸಿದ. 25 ಎಂದು ಸರಿಯಾಗಿಯೇ ಬರೆದ. ಅವನು ಬರೆದ 5ರ ಮೇಲೆ ಬೆರಳಿಟ್ಟು, "ಇದು ಯಾವ ಬೀಜ, ತೋರಿಸು" ಅಂದೆ. ಐದು ಬೀಜ ಎತ್ತಿ ಕೊಟ್ಟ. 2ರ ಮೇಲೆ ಬೆರಳಿಟ್ಟೆ. ಎರಡು ಬೀಜ ಕೊಟ್ಟ. ನೆಲದ ಮೇಲೆ ಇನ್ನೂ 18 ಬೀಜ ಉಳಿದಿದ್ದವು. "ಹಾಗಾದರೆ ಇವೆಲ್ಲ ಏನು ಪುಟ್ಟಾ?" ಎಂದು ಕೇಳಿದರೆ ಸುಮ್ನೆ ನನ್ನ ಮುಖ ನೋಡಿದ.

ಅದೇ ಹುಡುಗನ ಅಭ್ಯಾಸ ಪುಸ್ತಕದಲ್ಲಿ "25 = 2 ಹತ್ತು, 5 ಬಿಡಿ" ಎಂಬಂಥ ಲೆಕ್ಕಗಳು ಪುಟ ತುಂಬ ಇದ್ದವು. ಎಲ್ಲದಕ್ಕೂ ಸರಿ ಗುರುತು ಹಾಕಿದ್ದವಳು ನಾನೇ.

ನಿಮ್ಮ ಮನೆಯ ಮಗುವಿಗೂ ಒಮ್ಮೆ ಹೀಗೆ ಕೇಳಿ ನೋಡಿ. ಎರಡು ನಿಮಿಷ ಸಾಕು. ಎರಡು ಬೀಜ ಕೊಟ್ಟರೆ ಬೈಯಬೇಡಿ, ತಿದ್ದಲೂ ಬೇಡಿ. ಎಲ್ಲಿಂದ ಶುರು ಮಾಡಬೇಕು ಅನ್ನುವುದು ನಿಮಗೆ ಗೊತ್ತಾಯಿತು, ಅಷ್ಟೇ.

ನಾನು ಶುರು ಮಾಡಿದ್ದು ನನ್ನ ಅಜ್ಜಿಯ ನೆನಪಿನಿಂದ. ಬೇಸಿಗೆ ಕಾಲಿಡುವ ಹೊತ್ತಿಗೆ ಮನೆಗೆ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ, ಬರುತ್ತಿತ್ತು. ಉಪ್ಪಿನಕಾಯಿಯ ಮಿಡಿಯನ್ನು ನಮ್ಮ ಕಡೆ ಎಣಿಸಿ ಕೊಳ್ಳುತ್ತಾರೆ, ನೂರಕ್ಕೆ ಇಷ್ಟು ಅಂತ ದರ. ಅಜ್ಜಿ ಐದೈದಾಗಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದರು. ನೂರು ಆದ ಕೂಡಲೇ ಪಕ್ಕದಲ್ಲಿದ್ದ ಹಾಳೆಯ ಮೇಲೆ ಒಂದು ಅಡಿಕೆ ಇಡುತ್ತಿದ್ದರು. ಮತ್ತೆ ಮೊದಲಿಂದ ಎಣಿಕೆ. ಕೊನೆಯಲ್ಲಿ ಬುಟ್ಟಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಾಳೆಯ ಮೇಲಿನ ಅಡಿಕೆ ಎಣಿಸಿ "ಹದಿನಾಲ್ಕು ನೂರು, ಮೇಲೆ ಮೂವತ್ತು" ಎಂದು ಹೇಳಿ ದುಡ್ಡು ಕೊಡುತ್ತಿದ್ದರು.

ಅಡಿಕೆ ಕೈಯಲ್ಲಿದ್ದಾಗ ಒಂದೇ. ಹಾಳೆಯ ಮೇಲೆ ಕೂತರೆ ನೂರು. ಜಾಗದಿಂದ ಬೆಲೆ. ಸ್ಥಾನಬೆಲೆ ಅಂದರೆ ಇದೇ ಅಲ್ವಾ?

ಅಜ್ಜಿ ಅಡಿಕೆ ಇಡುತ್ತಿದ್ದುದಕ್ಕೆ ಕಾರಣ ಇತ್ತು. ಮಧ್ಯೆ ಯಾರೋ ಬಂದು ಮಾತಾಡಿಸುತ್ತಾರೆ, ಒಲೆಯ ಮೇಲೆ ಹಾಲು ಉಕ್ಕುತ್ತದೆ, ಎಣಿಕೆ ತಪ್ಪುತ್ತದೆ. ತಪ್ಪಿದರೂ ಪೂರ್ತಿ ತಪ್ಪಬಾರದು ಅಂತ ಅಡಿಕೆ. ನಾವು ತರಗತಿಯಲ್ಲಿ ಆ ಕಾರಣವನ್ನೇ ಬಿಟ್ಟುಬಿಡುತ್ತೇವೆ. ಬೋರ್ಡಿನ ಮೇಲೆ ಎರಡು ಮನೆ ಗೀಚಿ, ಒಂದಕ್ಕೆ "ಹತ್ತು", ಇನ್ನೊಂದಕ್ಕೆ "ಬಿಡಿ" ಎಂದು ಬರೆದು ತುಂಬಿಸಲು ಹೇಳುತ್ತೇವೆ. ಹತ್ತನ್ನು ಯಾಕೆ ಕಟ್ಟಬೇಕು ಅಂತ ಮಗುವಿಗೆ ಒಂದು ಸಲವೂ ಅನ್ನಿಸಿರುವುದಿಲ್ಲ. ಚಿತ್ರಕಥೆ ಬೇಕಾಗುವುದು ಅದಕ್ಕೇ. ಕಥೆಯೊಳಗಿನವರಿಗೆ ಎಣಿಕೆ ತಪ್ಪಿದಾಗ, ಹೊರಲಾಗದೆ ಕೈ ಸೋತಾಗ, "ಕಟ್ಟು ಕಟ್ಟೋಣ" ಎಂಬ ಮಾತು ಕೇಳುವ ಮಗುವಿನ ಬಾಯಿಂದಲೇ ಬರುತ್ತದೆ.

ಪುಸ್ತಕ ಆರಿಸುವುದು

ಒಂದರಿಂದ ಹತ್ತರವರೆಗೆ ಎಣಿಸುವ ಪುಸ್ತಕಗಳು ಬೇಕಾದಷ್ಟು ಸಿಗುತ್ತವೆ. ಎಣಿಕೆಗೆ ಅವು ಒಳ್ಳೆಯವೇ, ಆದರೆ ಸ್ಥಾನಬೆಲೆಗೆ ಸಾಲುವುದಿಲ್ಲ. ನಮಗೆ ಬೇಕಾದ ಆಟ ಶುರುವಾಗುವುದೇ ಹತ್ತು ದಾಟಿದ ಮೇಲೆ. ಹಾಗಾಗಿ ನಾನು ಪುಸ್ತಕ ಕೈಗೆತ್ತಿಕೊಂಡಾಗ ಮೂರು ವಿಷಯ ನೋಡುತ್ತೇನೆ. ಕಥೆಯಲ್ಲಿ ಯಾವುದಾದರೂ ವಸ್ತು ಪುಟದಿಂದ ಪುಟಕ್ಕೆ ಜಾಸ್ತಿಯಾಗುತ್ತಾ ಅಥವಾ ಕಮ್ಮಿಯಾಗುತ್ತಾ ಹೋಗುತ್ತದಾ? ಚಿತ್ರದಲ್ಲಿ ಅವನ್ನು ಬೆರಳಿಟ್ಟು ಎಣಿಸಬಹುದಾ? ಎಣಿಸುವುದು ಕಥೆಯಲ್ಲಿ ಯಾರಿಗಾದರೂ ನಿಜವಾಗಿ ಬೇಕಾಗಿದೆಯಾ? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹೆಸರಿನಲ್ಲಿ ಗಣಿತ ಇರಲೇಬೇಕು ಅಂತಿಲ್ಲ. ಸಂತೆಯ ಕಥೆ, ಇರುವೆ ಸಾಲಿನ ಕಥೆ, ಮದುವೆ ಮನೆಯಲ್ಲಿ ಪಂಕ್ತಿಗೆ ಎಲೆ ಹಾಕುವ ಕಥೆ, ಯಾವುದಾದರೂ ಆದೀತು.

ಹಳ್ಳಿಯಲ್ಲಿದ್ದರೆ ಪುಸ್ತಕದಂಗಡಿ ದೂರ. ಪ್ರಥಮ್ ಬುಕ್ಸ್ ನಡೆಸುವ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ದುಡ್ಡಿಲ್ಲದೆ ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಬಹುದು. ಸಿಗ್ನಲ್ ಇರುವ ಕಡೆ ಹೋದಾಗ ಇಳಿಸಿಟ್ಟುಕೊಂಡರೆ ಮನೆಯಲ್ಲಿ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಫೋನಿನ ಸಣ್ಣ ಪರದೆಯಲ್ಲಿ ಮಾತ್ರ ಎಣಿಸಲು ಕೊಡಬೇಡಿ. ಬೆರಳು ತಾಗಿದ ಕೂಡಲೇ ಪುಟ ಓಡಿಹೋಗುತ್ತದೆ.

ಮೊದಲ ಓದು, ಎರಡನೇ ಓದು

ಮೊದಲ ಸಲ ಬರೀ ಕಥೆ ಓದಿ. "ಇಲ್ಲಿ ಎಷ್ಟಿದೆ ಹೇಳು?" ಅಂತ ಮಧ್ಯೆ ಮಧ್ಯೆ ಪ್ರಶ್ನೆ ಹಾಕಬೇಡಿ. ಕಥೆ ಅಂತ ಕರೆದು ಪರೀಕ್ಷೆ ಮಾಡಿದರೆ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ, ಮುಂದಿನ ಸಲ ಪುಸ್ತಕ ನೋಡಿದರೇ ದೂರ ಹೋಗುತ್ತಾರೆ. ನಗಲಿ, ಚಿತ್ರ ನೋಡಲಿ, ಕರು ಯಾಕೆ ಕೆಂಪಗಿದೆ ಅಂತ ಕೇಳಲಿ.

ಎರಡನೇ ಓದು ಮಾರನೇ ದಿನ. ಈಗ ಕೈಯಲ್ಲಿ ವಸ್ತು ಇರಬೇಕು. ಪುಟದಲ್ಲಿ ಏನಾಗುತ್ತದೋ ಮಗು ಅದನ್ನೇ ನೆಲದ ಮೇಲೆ ಮಾಡಬೇಕು. ತೆಂಗಿನ ಗರಿಯ ಕಡ್ಡಿಯನ್ನು ಬೆರಳುದ್ದ ಕತ್ತರಿಸಿಕೊಳ್ಳಿ, ಒಂದಷ್ಟು ರಬ್ಬರ್ ಬ್ಯಾಂಡ್ ಇಟ್ಟುಕೊಳ್ಳಿ. ಕಡ್ಡಿಯಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ. ಹತ್ತು ಕಡ್ಡಿ ಕಟ್ಟಿದರೆ ಕಟ್ಟು ದಪ್ಪಗಾಗುತ್ತದೆ, ಹತ್ತು ಅಂದರೆ ಎಷ್ಟು ಅಂತ ಕೈಗೇ ತಿಳಿಯುತ್ತದೆ. ಬಿಚ್ಚಿದರೆ ಒಳಗಿನ ಹತ್ತೂ ಕಣ್ಣಿಗೆ ಕಾಣುತ್ತವೆ. ಹುಣಸೆ ಬೀಜವಾದರೆ ಹತ್ತು ಹಾಕಿ ಬಾಯಿ ಕಟ್ಟುವಂಥ ಸಣ್ಣ ಚೀಲ ಬೇಕು.

ಒಂದು ಎಚ್ಚರಿಕೆ. ಬೇಲಿ ಬದಿಯಲ್ಲಿ ಕೆಂಪು ಕಪ್ಪು ಗುಲಗಂಜಿ ಸಿಗುತ್ತದೆ, ಮಕ್ಕಳು ಆಸೆಯಿಂದ ಆರಿಸಿ ತರುತ್ತಾರೆ. ಅದು ವಿಷದ ಬೀಜ. ಎಣಿಸಲು ಅದನ್ನು ಬಳಸಲೇಬೇಡಿ. ತೀರಾ ಚಿಕ್ಕ ಮಕ್ಕಳಿರುವ ಕಡೆ ಯಾವ ಬೀಜವೂ ಬೇಡ, ಕಡ್ಡಿಯೇ ಇರಲಿ.

ಪುಸ್ತಕ ಸಿಗದಿದ್ದರೆ ನೀವೇ ಮಾಡಿ

ನನ್ನ ಅನುಭವದಲ್ಲಿ ಮನೆಯಲ್ಲೇ ಮಾಡಿದ ಪುಸ್ತಕ ಮಕ್ಕಳಿಗೆ ಇನ್ನೂ ಹತ್ತಿರ. ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿದರೆ ದೊಡ್ಡ ಬಿಳಿ ಪುಟ. ಏಳು ಪುಟ ಸಾಕು. ಚಿತ್ರ ಚೆಂದ ಬರದಿದ್ದರೂ ಪರವಾಗಿಲ್ಲ, ಎಣಿಸುವ ವಸ್ತು ಮಾತ್ರ ಸ್ಪಷ್ಟವಾಗಿ ಬಿಡಿಬಿಡಿಯಾಗಿ ಕಾಣಬೇಕು. ನಾನು ಹಲಸಿನ ಹಪ್ಪಳ ಆರಿಸಿಕೊಂಡೆ. ಬರೆಯಲು ಸುಲಭ, ಒಂದು ಉರುಟು ಗೆರೆ ಎಳೆದರೆ ಹಪ್ಪಳ. ನಮ್ಮ ಮಕ್ಕಳೆಲ್ಲ ಅಂಗಳದಲ್ಲಿ ಅದನ್ನು ಕಾಯಲು ಕೂತವರೇ.

ಕಥೆ ಹೀಗಿದೆ. ನೀವೂ ಇದನ್ನೇ ಬಳಸಬಹುದು.

ಮೊದಲ ಪುಟ: ಅಂಗಳದ ಚಾಪೆ ತುಂಬ ಹಪ್ಪಳ. "ಎಷ್ಟಿದೆ ಎಣಿಸು ಪುಟ್ಟಿ" ಅಂತಾರೆ ಅಜ್ಜಿ.

ಎರಡನೇ ಪುಟ: ಪುಟ್ಟಿ ಎಣಿಸುತ್ತಾಳೆ. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು... ಅಷ್ಟರಲ್ಲಿ ಕರು ಬಂತು! "ಹೋಯ್, ಹೋಯ್!" ಕರು ಓಡಿತು. ಎಷ್ಟಕ್ಕೆ ನಿಲ್ಲಿಸಿದ್ದೆ? ಮರೆತೇ ಹೋಯಿತು.

ಮೂರನೇ ಪುಟ: ಮತ್ತೆ ಒಂದರಿಂದ. ಈ ಸಲ ಮೂವತ್ತೊಂದು. ಕಾಗೆ ಬಂತು! ಮತ್ತೆ ಮರೆಯಿತು. ಪುಟ್ಟಿಗೆ ಅಳು.

ಇಲ್ಲಿ ಪುಟ ತಿರುಗಿಸಬೇಡಿ. ನಿಲ್ಲಿಸಿ, "ಪುಟ್ಟಿ ಏನು ಮಾಡಬಹುದು?" ಎಂದು ಕೇಳಿ. ಇಡೀ ಕಥೆಯಲ್ಲಿ ನೀವು ಕಾಯಬೇಕಾದ ಜಾಗ ಇದೇ. ಒಬ್ಬರು "ಕರು ಕಟ್ಟಿ ಹಾಕಲಿ" ಅಂತಾರೆ. ಒಬ್ಬರು "ಬರೆದಿಟ್ಟುಕೊಳ್ಳಲಿ" ಅಂತಾರೆ. ಎರಡೂ ಒಳ್ಳೆಯ ಉತ್ತರವೇ. "ಸ್ವಲ್ಪ ಸ್ವಲ್ಪ ಬೇರೆ ಮಾಡಿ ಇಡಲಿ" ಎಂದು ಯಾರಾದರೂ ಹೇಳುವ ತನಕ ಕಾಯಿರಿ. ಐದೈದು ಅಂದರೂ ಸರಿ. ಹೇಳದಿದ್ದರೆ ಪುಟ ತಿರುಗಿಸಿ, ಅಜ್ಜಿ ಹೇಳುತ್ತಾರೆ.

ನಾಲ್ಕನೇ ಪುಟ: ಗುಡುಗು. ಮಳೆ ಬರುವ ಹಾಗಿದೆ. "ಹತ್ತು ಹಪ್ಪಳಕ್ಕೆ ಒಂದು ಕಟ್ಟು ಕಟ್ಟು ಮಗಾ" ಎಂದು ಅಜ್ಜಿ ಬಾಳೆ ನಾರು ಕೊಡುತ್ತಾರೆ.

ಐದನೇ ಪುಟ: ಮೂರು ಕಟ್ಟು, ನಾಲ್ಕು ಬಿಡಿ ಹಪ್ಪಳ. ಕರು ಮತ್ತೆ ಬಂತು. ಈ ಸಲ ಪುಟ್ಟಿ ಮರೆಯಲಿಲ್ಲ. ಮೂವತ್ತನಾಲ್ಕು!

ಆರನೇ ಪುಟ: ಆಚೆಮನೆ ಚಿಕ್ಕಮ್ಮ ಬಂದರು. "ಐದು ಹಪ್ಪಳ ಕೊಡ್ತೀಯಾ?" ಬಿಡಿ ಇರುವುದು ನಾಲ್ಕೇ. ಏನು ಮಾಡುವುದು? ಪುಟ್ಟಿ ಒಂದು ಕಟ್ಟು ಬಿಚ್ಚಿದಳು. ಈಗ ಎರಡು ಕಟ್ಟು, ಹದಿನಾಲ್ಕು ಬಿಡಿ. ಐದು ಕೊಟ್ಟಳು. ಉಳಿದದ್ದು ಎರಡು ಕಟ್ಟು, ಒಂಬತ್ತು ಬಿಡಿ.

ಏಳನೇ ಪುಟ: ಚಾಪೆ ಮಡಚುವಾಗ ಅಡಿಯಲ್ಲಿ ಒಂದು ಹಪ್ಪಳ ಸಿಕ್ಕಿತು. ಒಂಬತ್ತಕ್ಕೆ ಒಂದು ಸೇರಿತು. ಹತ್ತಾಯಿತು, ಕಟ್ಟು! ಮೂರು ಕಟ್ಟು. ಬಿಡಿ? ಒಂದೂ ಇಲ್ಲ.

ಆರನೇ ಪುಟದಲ್ಲಿ ಅವಸರ ಮಾಡಬೇಡಿ. ಮುಂದೆ ಕಳೆಯುವ ಲೆಕ್ಕದಲ್ಲಿ "ಪಕ್ಕದ ಮನೆಯಿಂದ ಒಂದು ಸಾಲ ತಗೋ" ಎಂದು ಕಲಿಸುತ್ತೇವಲ್ಲ, ಅದು ಈ ಕಟ್ಟು ಬಿಚ್ಚುವ ಕೆಲಸವೇ. ಸಾಲ ಅನ್ನುವ ಮಾತು ನನಗೆ ಇಷ್ಟವಾಗುವುದಿಲ್ಲ, ಯಾಕೆಂದರೆ ಆ ಸಾಲವನ್ನು ಯಾರೂ ತೀರಿಸುವುದಿಲ್ಲ. ಕಟ್ಟು ಬಿಚ್ಚಿದೆ ಅಂದರೆ ಮಗುವಿಗೆ ಏನಾಯಿತು ಅಂತ ಗೊತ್ತಾಗುತ್ತದೆ. ಕಟ್ಟು ಬಿಚ್ಚಿದ ಕೂಡಲೇ, ಚಿಕ್ಕಮ್ಮನಿಗೆ ಕೊಡುವ ಮೊದಲು, ಒಂದು ಪ್ರಶ್ನೆ ಕೇಳಿ: "ಈಗ ಹಪ್ಪಳ ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ, ಅಷ್ಟೇ ಇದೆಯಾ?" ಚೆಲ್ಲಿಕೊಂಡಿರುವ ಹದಿನಾಲ್ಕು ಬಿಡಿ ನೋಡಿ ಎಷ್ಟೋ ಮಕ್ಕಳು ಜಾಸ್ತಿ ಆಯ್ತು ಅಂತಾರೆ. ಮತ್ತೆ ಕಟ್ಟಲಿ, ಮತ್ತೆ ಬಿಚ್ಚಲಿ, ಎಣಿಸಲಿ. ಎರಡು ಹತ್ತು ಹದಿನಾಲ್ಕು ಬಿಡಿ ಅಂದರೂ 34, ಮೂರು ಹತ್ತು ನಾಲ್ಕು ಬಿಡಿ ಅಂದರೂ 34. ಇದು ಗಟ್ಟಿಯಾಗುವ ತನಕ ಮುಂದೆ ಹೋಗಬೇಡಿ. ಒಂದು ವಾರ ಹಿಡಿದರೆ ಹಿಡಿಯಲಿ.

ಏಳನೇ ಪುಟ ಸೊನ್ನೆಯದು. ಮೂರು ಕಟ್ಟು ಅಂತ ಬರೀ 3 ಬರೆದರೆ ನೋಡಿದವರು ಮೂರೇ ಹಪ್ಪಳ ಅಂದುಕೊಳ್ಳುತ್ತಾರೆ. ಬಿಡಿಯ ಜಾಗ ಖಾಲಿ ಇದೆ ಅಂತ ತಿಳಿಸಲು ಅಲ್ಲಿ ಒಂದು ಗುರುತು ಬೇಕು. ಬಸ್ಸಿನ ಸೀಟಿಗೆ ಟವೆಲ್ ಹಾಕುತ್ತೇವಲ್ಲ, ಹಾಗೆ. ಸೀಟಿನಲ್ಲಿ ಯಾರೂ ಇಲ್ಲ, ಆದರೆ ಪಕ್ಕದವರು ಸರಿದು ಕೂರುವ ಹಾಗಿಲ್ಲ. ಈ ಮಾತು ಹೇಳಿದ ಮೇಲೆ ನನ್ನ ತರಗತಿಯಲ್ಲಿ ಸೊನ್ನೆಗೆ ಟವೆಲ್ ಅಂತಲೇ ಹೆಸರಾಯಿತು.

ಕಟ್ಟಿನಿಂದ ಅಂಕಿಗೆ

ಎರಡು ಹಾಳೆ ತಟ್ಟೆ ತಗೊಳ್ಳಿ. ಎಡಗಡೆಯದಕ್ಕೆ ಕಟ್ಟು, ಬಲಗಡೆಯದಕ್ಕೆ ಬಿಡಿ. ಬಲಗಡೆ ತಟ್ಟೆಯಲ್ಲಿ ಒಂಬತ್ತಕ್ಕಿಂತ ಜಾಸ್ತಿ ಇರುವ ಹಾಗಿಲ್ಲ, ಹತ್ತಾದರೆ ಕಟ್ಟಿ ಎಡಗಡೆ ಕಳಿಸಬೇಕು. ಇಷ್ಟೇ ನಿಯಮ. ಮೊದಮೊದಲು "ಹತ್ತರ ಸ್ಥಾನ, ಬಿಡಿಸ್ಥಾನ" ಅನ್ನುವ ಮಾತೇ ಬೇಡ, ಕಟ್ಟು ಮತ್ತು ಬಿಡಿ ಸಾಕು. ಪಠ್ಯದ ಹೆಸರು ಆಮೇಲೆ ತಾನಾಗಿ ಕೂರುತ್ತದೆ.

ನಾನು ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ. ಮಗುವಿನ ಎದುರು ಕೂತು ತೋರಿಸುತ್ತಿದ್ದೆ. ನನ್ನ ಎಡ ಅದಕ್ಕೆ ಬಲ. 34 ತೋರಿಸಿದರೆ ಅದಕ್ಕೆ 43 ಕಾಣುತ್ತಿತ್ತು. ಅಂಕಿ ಹಿಂದುಮುಂದು ಬರೆಯುತ್ತಾರೆ ಅಂತ ಮಕ್ಕಳನ್ನು ತಿದ್ದುತ್ತಾ ಎಷ್ಟೋ ದಿನ ಕಳೆದೆ. ಯಾವಾಗಲೂ ಮಗುವಿನ ಪಕ್ಕದಲ್ಲೇ ಕೂರಿ.

ಆಮೇಲೆ ಕಾರ್ಡು. ಮನೆಗೆ ಬಂದ ಮದುವೆ ಕಾಗದಗಳನ್ನು ಇದಕ್ಕೆ ಕೂಡಿಡಿ. ದಪ್ಪಗಿರುತ್ತವೆ, ಮಳೆಗಾಲದ ತಂಡಿಗೂ ಬೇಗ ಮೆತ್ತಗಾಗುವುದಿಲ್ಲ. 10, 20, 30 ಹೀಗೆ 90ರ ತನಕ ಉದ್ದ ಕಾರ್ಡು. 1ರಿಂದ 9ರ ತನಕ ಅದರ ಅರ್ಧ ಅಗಲದ್ದು. 30ರ ಸೊನ್ನೆಯ ಮೇಲೆ 4ರ ಕಾರ್ಡು ಇಟ್ಟರೆ 34. ಎತ್ತಿದರೆ ಅಡಿಯಲ್ಲಿ ಮತ್ತೆ 30. ಮೂವತ್ತನಾಲ್ಕನ್ನು 304 ಎಂದು ಬರೆಯುವ ಮಕ್ಕಳಿಗೆ ಇದರಷ್ಟು ಒಳ್ಳೆಯ ಮದ್ದು ನಾನು ಕಂಡಿಲ್ಲ. 4ರ ಅಡಿಯಲ್ಲಿ ಸೊನ್ನೆ ಅಡಗಿ ಕೂತಿದೆ ಅಂತ ಅವರು ಕಣ್ಣಾರೆ ನೋಡುತ್ತಾರೆ.

ಸಂಖ್ಯೆಯ ಹೆಸರನ್ನು ಜೋರಾಗಿ ಹೇಳಿಸಿ. ಕನ್ನಡ ಇಲ್ಲಿ ನಮಗೆ ದೊಡ್ಡ ಸಹಾಯ. ಮೂವತ್ತನಾಲ್ಕು ಅನ್ನುವ ಹೆಸರಿನಲ್ಲೇ ಮೂರು ಹತ್ತು, ಮೇಲೆ ನಾಲ್ಕು ಇದೆ. ಹಳಗನ್ನಡದಲ್ಲಿ ಹತ್ತಕ್ಕೆ "ಪತ್ತು" ಎನ್ನುತ್ತಿದ್ದರು, ಇಪ್ಪತ್ತು ಎಪ್ಪತ್ತುಗಳಲ್ಲಿ ಆ ಪತ್ತು ಹಾಗೇ ಉಳಿದಿದೆ. ಎಡವುವ ಜಾಗಗಳೂ ಇವೆ. ಹನ್ನೊಂದು, ಹನ್ನೆರಡು, ಹದಿಮೂರರಲ್ಲಿ ಹತ್ತು ಮುಖ ಮರೆಸಿಕೊಂಡಿದೆ. ಒಂಬತ್ತು, ಹತ್ತೊಂಬತ್ತು, ತೊಂಬತ್ತು ಮೂರೂ ಕಿವಿಗೆ ಒಂದೇ ಥರ ಕೇಳಿಸುತ್ತವೆ. ಈ ಸಂಖ್ಯೆಗಳಿಗೆ ಕಟ್ಟು ಹಿಡಿದು "ಒಂದು ಹತ್ತು, ಮೂರು. ಹದಿಮೂರು" ಎಂದು ಹೇಳಿಸಿ.

ಇಂಗ್ಲಿಷ್ ಮೀಡಿಯಂ ಮಕ್ಕಳ ಕಷ್ಟ ಇನ್ನೊಂದು ಥರ. ಫೋರ್ಟೀನ್ ಅನ್ನುವಾಗ ನಾಲ್ಕು ಮೊದಲು ಕಿವಿಗೆ ಬೀಳುತ್ತದೆ, ಅದಕ್ಕೇ 41 ಬರೆಯುತ್ತಾರೆ. ಫೋರ್ಟೀನ್, ಫೋರ್ಟಿ ಎರಡೂ ಗೊಂದಲ. ಶಾಲೆ ಯಾವ ಮಾಧ್ಯಮವಾದರೂ ಇರಲಿ, ಕಟ್ಟು ಕಟ್ಟುವ ಕಥೆ ಮನೆ ಮಾತಿನಲ್ಲಿ ನಡೆಯಲಿ. ಉರ್ದು ಅಥವಾ ಹಿಂದಿ ಮಾತಾಡುವ ಮನೆಯ ಮಕ್ಕಳಿಗೆ ನೂರರ ಒಳಗಿನ ಹೆಸರುಗಳಲ್ಲಿ ಹತ್ತು ಇಷ್ಟು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಅವರಿಗೆ ಕಟ್ಟಿನ ಜೊತೆ ಇನ್ನೂ ಸ್ವಲ್ಪ ಜಾಸ್ತಿ ದಿನ ಕೊಡಿ.

ದುಡ್ಡಿನಿಂದ ಶುರು ಮಾಡಬಹುದಾ ಅಂತ ತುಂಬ ಜನ ಕೇಳುತ್ತಾರೆ. ಮೊದಲೇ ಬೇಡ. ಹತ್ತು ರೂಪಾಯಿ ನೋಟು ಬಿಚ್ಚಿದರೆ ಒಳಗೆ ಹತ್ತು ನಾಣ್ಯ ಸಿಗುವುದಿಲ್ಲ. ಚಿಕ್ಕವರಿಗೆ ಒಂದು ನೋಟಿಗಿಂತ ಹತ್ತು ನಾಣ್ಯವೇ ಜಾಸ್ತಿ. ಕಟ್ಟು ಬಿಚ್ಚುವುದು ಕೈಗೆ ಬಂದ ಮೇಲೆ ಹಪ್ಪಳದಂಗಡಿ ಆಟ ಆಡಿ, ಆಗ ದುಡ್ಡು ತನ್ನಿ.

ಸರ್ಕಾರಿ ಶಾಲೆಗಳ ನಲಿಕಲಿ ತರಗತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಒಂದೇ ಕಥೆ ಎಲ್ಲರಿಗೂ ಆಗುತ್ತದೆ. ಒಂದನೇ ತರಗತಿಯವರು ಎಣಿಸಿ ಕಟ್ಟಲಿ, ಎರಡನೆಯವರು ಕಾರ್ಡು ಜೋಡಿಸಲಿ, ಮೂರನೆಯವರು ಚಿಕ್ಕಮ್ಮ ಎಂಟು ಕೇಳಿದರೆ, ಹದಿನೈದು ಕೇಳಿದರೆ ಏನಾಗುತ್ತದೆ ಎಂದು ಮಾಡಿ ನೋಡಲಿ. ಜುಲೈ ಮಳೆ ಹೆಂಚಿನ ಮೇಲೆ ಸುರಿಯುವಾಗ ಏನು ಹೇಳಿದರೂ ಕೇಳುವುದಿಲ್ಲ. ಆಗ ನಾನು ಓದುವುದೇ ಇಲ್ಲ. ಪುಟ ತೋರಿಸುತ್ತೇನೆ, ಮಕ್ಕಳು ಮಾತಿಲ್ಲದೆ ಕಡ್ಡಿ ಕಟ್ಟುತ್ತಾರೆ. ಅಂಥ ದಿನಗಳಲ್ಲಿ ಕಲಿಕೆ ಚೆನ್ನಾಗಿಯೇ ಆಗಿದೆ.

ನೂರಕ್ಕೆ ಹೋಗುವಾಗ

ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿಯಂತೆ ಒಂದನೇ ತರಗತಿ ಮುಗಿಯುವಾಗ 99ರ ತನಕ, ಎರಡನೆಯದು ಮುಗಿಯುವಾಗ 999ರ ತನಕ, ಮೂರನೆಯದರಲ್ಲಿ 9999ರ ತನಕ ಮಕ್ಕಳು ಸಂಖ್ಯೆ ಓದಿ ಬರೆಯಬೇಕು. ಎರಡು ಅಂಕಿಯಲ್ಲಿ ಕಟ್ಟು ಬಿಚ್ಚುವುದು ಗಟ್ಟಿಯಿದ್ದರೆ ಮುಂದಿನದು ಅಷ್ಟು ಕಷ್ಟ ಅಲ್ಲ. ಹತ್ತು ಕಟ್ಟನ್ನು ಸೇರಿಸಿ ಒಂದು ದೊಡ್ಡ ಕಟ್ಟು. ಒಂದು ಸಲವಾದರೂ ನೂರು ಕಡ್ಡಿಯನ್ನು ಮಕ್ಕಳ ಕೈಯಲ್ಲೇ ಕಟ್ಟಿಸಿ. ಅದರ ಭಾರ ಅವರಿಗೆ ಗೊತ್ತಾಗಲಿ.

ನೂರ ಐದು ಅಂದರೆ 1005 ಬರೆಯುವ ಮಗು ಕಿವಿಗೆ ಬಿದ್ದ ಹಾಗೆ ಬರೆದಿದೆ: ನೂರು, ಆಮೇಲೆ ಐದು. ಮೂರು ತಟ್ಟೆ ಇಡಿ. ದೊಡ್ಡ ಕಟ್ಟು ಒಂದು, ನಡುವಿನ ತಟ್ಟೆ ಖಾಲಿ, ಬಿಡಿ ಐದು. ನಡುವಿನ ತಟ್ಟೆಗೆ ಟವೆಲ್ ಹಾಕು ಅನ್ನಿ, ಸಾಕು.

ಅಜ್ಜಿಯ ಅಡಿಕೆಯನ್ನು ನಾನು ಹೊರತೆಗೆಯುವುದು ಇಲ್ಲಿ. ಇಷ್ಟು ದಿನ ಹತ್ತು ಅಂದರೆ ಕಣ್ಣಿಗೆ ಹತ್ತೇ ಕಾಣುತ್ತಿತ್ತು. ಈಗ ಕಟ್ಟಿನ ಬದಲು ಒಂದೇ ಒಂದು ಅಡಿಕೆ. ಎಡಗಡೆ ತಟ್ಟೆಯಲ್ಲಿ ಇಟ್ಟರೆ ಎಷ್ಟು? ನಡುವಿನದರಲ್ಲಿ? ಬಲಗಡೆಯದರಲ್ಲಿ? ಅಡಿಕೆ ಅದೇ. ಮಕ್ಕಳು ತಾವೇ ಜಾಗ ಬದಲಿಸಿ ನೂರು, ಹತ್ತು, ಒಂದು ಅಂತ ಕೂಗುತ್ತಾರೆ. ಅಂಕಿ ಬರೆಯುವಾಗ ನಾವು ಮಾಡುವುದೂ ಇದನ್ನೇ. ಅವಸರದಲ್ಲಿ ಇದನ್ನು ಮೊದಲ ವಾರವೇ ಮಾಡಿಸಿದರೆ ಬರೀ ಬಾಯಿಪಾಠ ಆಗುತ್ತದೆ. ಆಮೇಲೆ ಹುಣಸೆ ಬೀಜದ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿ. 2ರ ಮೇಲೆ ಬೆರಳಿಟ್ಟಾಗ ಮಗು ಇಪ್ಪತ್ತು ಬೀಜವನ್ನು ನಿಮ್ಮ ಕಡೆ ತಳ್ಳಿದರೆ ಕೆಲಸ ಆಯಿತು.

ಕೊನೆಯ ಕೆಲಸ ಮಕ್ಕಳದೇ. ಹಪ್ಪಳದ ಕಥೆಗೆ ಎಂಟನೇ ಪುಟ ಬರೆಯಲು ಕೊಡಿ. ಏನು ಬೇಕಾದರೂ ಆಗಬಹುದು, ಆದರೆ ಪುಟದ ಕೆಳಗೆ ಎಷ್ಟು ಹಪ್ಪಳ ಉಳಿಯಿತು ಅಂತ ಬರೆಯಬೇಕು. ಒಬ್ಬಳು ಹುಡುಗಿ ಕರುವಿನ ಚಿತ್ರ ಬರೆದಳು, ಹೊಟ್ಟೆ ದಪ್ಪಗೆ. ಕರು ಕೊನೆಗೂ ಎರಡು ಕಟ್ಟು ತಿಂದುಬಿಟ್ಟಿತ್ತು. ಪಕ್ಕದಲ್ಲಿ ಒಂದು ಕಟ್ಟು ಉಳಿದಿತ್ತು. ಕೆಳಗೆ 1 ಬರೆದಳು. ಪೆನ್ಸಿಲ್ ಎತ್ತಿದಳು, ಚಿತ್ರ ನೋಡಿದಳು, "ಅಯ್ಯೋ, ಟವೆಲ್ ಮರೆತೆ" ಎಂದು ಪಕ್ಕದಲ್ಲಿ ಒಂದು ಸೊನ್ನೆ ಹಾಕಿದಳು.